ಚಿಕ್ಕತಾಯಿಯ ಎಡಗಾಲಿನ ಮೆಟ್ಟು

ಕೂತ್ರಾ ಎಲ್ಲಾರೂ? ಹಿಂದಿರೋರು ಮುಂದಕ್ಕೆ ಸರೀರಿ, ಮುಂದಿರೋರು ಮಾತು ನಿಲ್ಸಿ. ಹೂಂಗುಟ್ಟೋಕೆ ಒಬ್ಬರಾದ್ರೂ ಬೇಕು ನನಗೆ. ಹೂಂ ಅಂದ್ರೆ ಕಥೆ ಮುಂದಕ್ಕೆ ಹೋಗ್ತದೆ, ಅನ್ನದಿದ್ರೆ ನಾನು ಮನೆಗೆ ಹೋಗ್ತೀನಿ.

ಇಲ್ಲಿಂದ ನಡ್ಕೊಂಡು ಹೋದ್ರೆ ಕಾಲಲ್ಲಿರೋ ಮೆಟ್ಟು ಸವೆದುಹೋಗ್ತದೆ. ಇನ್ನೊಂದು ಜೊತೆ ಹಾಕ್ಕೊಂಡು ಹೋದ್ರೆ ಅದೂ ಸವೀತದೆ. ಆಮೇಲೆ ಬರಿಗಾಲಲ್ಲಿ ಹೋಗ್ತಾ ಹೋಗ್ತಾ ಇದ್ರೆ ಒಂದು ರಾಜ್ಯ ಸಿಗ್ತದೆ. ಅದಕ್ಕೆ ಹೆಸರಿಲ್ಲ. ಹೆಸರಿದ್ದಿದ್ರೆ ನಾನು ಹೇಳ್ತಿರಲಿಲ್ವಾ?

ಆ ರಾಜ್ಯಕ್ಕೊಬ್ಬ ರಾಜ. ರಾಜ ಅಂದ ಮೇಲೆ ಅವನ ಮುಂದೆ ಪರಾಕು ಹೇಳೋರು ಬೇಕಲ್ಲ? ಸುಮ್ಮನೆ ಬಂದು ಕೂತ್ಬಿಟ್ರೆ ರಾಜ ಯಾರು, ನೀರು ತಂದೋನು ಯಾರು ಅಂತ ಗೊತ್ತಾಗೋದು ಹೆಂಗೆ? ಆ ಕೆಲಸ ಮಾಡ್ತಿದ್ದೋಳು ಚಿಕ್ಕತಾಯಿ. ಹೆಸರಷ್ಟೇ ಚಿಕ್ಕದು. ಅವಳ ಗಂಟಲು ಎಂಥದ್ದು ಅಂತೀರಿ? ಅವಳು "ಬಹುಪರಾಕ್" ಅಂದ್ರೆ ಗೋಪುರದ ಪಾರಿವಾಳ ಎದ್ದು ಹಾರಬೇಕು. ಅಡುಗೆಮನೆಯಲ್ಲಿ ಸಾರು ತಿರುವೋನು ಸೌಟು ಕೈಬಿಡಬೇಕು. ತೂಕಡಿಸ್ತಿದ್ದ ಮಂತ್ರಿಗಳು ಬೆಚ್ಚಿಬಿದ್ದು, ಏನು ಎತ್ತ ಕೇಳದೆ "ಹೌದು ಮಹಾಸ್ವಾಮಿ" ಅನ್ನಬೇಕು.

ಅವಳ ಕೆಲಸ ಏನಪ್ಪಾ ಅಂದ್ರೆ, ಬೆಳಿಗ್ಗೆ ರಾಜ ಎದ್ದು ಬಂದ ಕೂಡಲೆ ಅವನ ಮುಂದೆ ಮುಂದೆ ನಡೀಬೇಕು. ಮೂರು ಹೊಸಿಲು ದಾಟಬೇಕು. ಮಲಗೋ ಮನೆ ಹೊಸಿಲು, ನಡುಮನೆ ಹೊಸಿಲು, ಸಭೆಯ ಹೊಸಿಲು. ಮೂರಕ್ಕೂ ಬಲಗಾಲೇ ಮುಂದೆ ಇಡಬೇಕು. ಮೂರಕ್ಕೂ ಪರಾಕು ಹೇಳಬೇಕು. ಆಮೇಲೆ ದೀಪ ಹಚ್ಚೋ ತನಕ ಸಿಂಹಾಸನದ ಪಕ್ಕ ನಿಂತಿರಬೇಕು. ಕೂರೋ ಹಂಗಿಲ್ಲ, ಕಂಬಕ್ಕೆ ಒರಗೋ ಹಂಗಿಲ್ಲ.

ಮೆಟ್ಟಿಗೂ ಕಟ್ಟಳೆ ಉಂಟು. ಕೆಂಪು ಚರ್ಮ ಇರಬೇಕು. ಮೂತಿ ಮೇಲಕ್ಕೆ ತಿರುಗಿರಬೇಕು. ನಡೆದ್ರೆ ಜೀರ್ ಜೀರ್ ಅನ್ನಬೇಕು. ನೀವು ಅಂದ್ಕೋಬೇಡಿ, ಇದೆಲ್ಲ ಅವಳಿಗೆ ಹೊರೆ ಅಂತ. ಅವಳಿಗೂ ಚೆಂದ ಬೇಕಿತ್ತು. ಆ ಮೆಟ್ಟು ಹಾಕ್ಕೊಂಡು ಜೀರ್ ಜೀರ್ ಅಂತ ಬೀದೀಲಿ ನಡೆದ್ರೆ ಜನ ದಾರಿ ಬಿಡ್ತಿದ್ರು. ಅದು ಅವಳಿಗೆ ಬಲು ಖುಷಿ. ಯಾರಿಗೆ ಆಗಲ್ಲ ಹೇಳಿ?

ಹಿಂಗಿರುವಾಗ ಅವಳಿಗೆ ಕಾಲುನೋವು ಶುರುವಾಯ್ತು. ಎಡಗಾಲು. ಬೆಳಿಗ್ಗೆ ಎದ್ದು ನೆಲಕ್ಕೆ ಊರಿದ್ರೆ ಹಿಮ್ಮಡೀಲಿ ಮೊಳೆ ಹೊಡೆದಂಗೆ. ಮಧ್ಯಾಹ್ನಕ್ಕೆ ಬೆರಳೆಲ್ಲ ಹಿಂಡಿದಂಗೆ. ಸಂಜೆಗೆ ಪಾದಕ್ಕೆ ಪಾದವೇ ಉರಿ. ನೋವು ಕಾಲಲ್ಲೇ ಇದ್ದಿದ್ರೆ ಅವಳು ಹಲ್ಲು ಕಚ್ಚಿ ಸಹಿಸ್ತಿದ್ಲು. ಅದು ಗಂಟಲಿಗೆ ಬಂತು. ಒಂದು ದಿನ ಸಭೆಯ ಹೊಸಿಲು ದಾಟ್ತಾ ಇದಾಳೆ, "ಬಹುಪರಾ..." ಅಂದ್ಲು, "ಅಯ್ಯಮ್ಮಾ" ಅಂತ ಮುಗಿಸಿದ್ಲು. ಸಭೆ ಎಲ್ಲ ಕಿಸಕ್ಕಂತು. ರಾಜನೂ ಮೀಸೆ ಮರೇಲಿ ನಕ್ಕ.

ಆ ಅರಮನೆಗೆ ಪಾರುಪತ್ತೆಗಾರ ಅಂತ ಒಬ್ಬ. ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಹಾಕಬೇಕು, ಎಲ್ಲಾ ಅವನದೇ ಕಾರುಬಾರು. ಅವನು ನಗಲಿಲ್ಲ. ಅವನಿಗೊಬ್ಬ ಭಾವಮೈದ ಇದ್ದ, ಕೆಲಸವಿಲ್ಲದೆ ಉಂಡುಕೊಂಡು ಇದ್ದ. ಪರಾಕಿನ ಜಾಗ ಅವನಿಗೆ ಕೊಡಿಸಬೇಕು ಅಂತ ಆಸೆ. ಭಾವಮೈದನ ದನಿ ಹೆಂಗಿತ್ತು ಅಂದ್ರೆ, ಬೇಡ, ಮಕ್ಕಳು ಇದಾವೆ ಇಲ್ಲಿ.

"ಏನಮ್ಮಾ ಚಿಕ್ಕತಾಯಿ, ವಯಸ್ಸಾಯ್ತೇನೋ ನಿನಗೆ," ಅಂದ ಪಾರುಪತ್ತೆಗಾರ.

"ವಯಸ್ಸು ಎಲ್ಲಾರಿಗೂ ಆಗ್ತದೆ ಸ್ವಾಮಿ. ನನ್ನ ಗಂಟಲಿಗೆ ಇನ್ನೂ ಆಗಿಲ್ಲ," ಅಂದ್ಲು ಚಿಕ್ಕತಾಯಿ. "ಮೆಟ್ಟು ಸರಿಯಿಲ್ಲ. ಬೇರೆ ಹಾಕ್ಕೊಂಡು ಬರ್ತೀನಿ."

ಅರಮನೆಗೆ ಮೆಟ್ಟು ಹೊಲಿಯೋನು ಅಂಕಯ್ಯ. ಒಳ್ಳೇ ಕೈ ಅವನದು, ಆದ್ರೆ ಪುಕ್ಕಲ. ಅಪ್ಪ ಹಾಕಿದ ಗೆರೆ ದಾಟೋನಲ್ಲ. ಅವನು ಅಳತೆ ತಗೊಳ್ಳೋ ಕ್ರಮ ಕೇಳಿ. ಬೆಳಿಗ್ಗೆ ಶುಭ ಗಳಿಗೇಲಿ ಬಂದೋರನ್ನ ಮಣೆ ಮೇಲೆ ಕೂರಿಸಬೇಕು. ಬಲಗಾಲು ಚರ್ಮದ ಮೇಲೆ ಇಡಿಸಿ ಇದ್ದಿಲಲ್ಲಿ ಸುತ್ತ ಗೆರೆ ಎಳೀಬೇಕು. ಎಡಗಾಲು? ಅದನ್ನ ಮುಟ್ಟೋ ಹಂಗಿಲ್ಲ. ಎಡ ಅಂದ್ರೇನೇ ಎಡವಟ್ಟು, ಅದರ ಅಳತೆ ತೆಗೆದ್ರೆ ರಾಜ್ಯವೇ ಎಡವಿ ಬೀಳ್ತದೆ ಅಂತ ಅವರ ನಂಬಿಕೆ. ಬಲಗಾಲಿನ ಅಳತೇನೇ ಮಗುಚಿ ಹಾಕಿ ಎಡಗಾಲಿನದ್ದು ಕತ್ತರಿಸೋದು.

ಅಂಕಯ್ಯ ಹಂಗೇ ಅಳೆದು ಹೊಸ ಜೊತೆ ಹೊಲಿದು ಕೊಟ್ಟ. ನೋಡೋಕೆ ಎಷ್ಟು ಚೆಂದ ಅಂತೀರಿ, ದೇವರ ಮುಂದೆ ಇಡಬಹುದು. ಹಾಕ್ಕೊಂಡು ಹೋದ್ಲು. ಮೊದಲನೇ ಹೊಸಿಲು, ಹಲ್ಲು ಕಚ್ಚಿದ್ಲು. ಎರಡನೇ ಹೊಸಿಲು, ಕಣ್ಣಲ್ಲಿ ನೀರು. ಮೂರನೇ ಹೊಸಿಲು, "ಬಹುಪರಾ... ಅಯ್ಯಮ್ಮಾ."

ಆಗ ರಾಣಿಯ ದಾಸಿಯೊಬ್ಬಳು ಅಂದ್ಲು, "ಅಕ್ಕಾ, ಮೆತ್ತಗಿರೋದು ಹಾಕ್ಕೊಳೆ." ಕುರಿಮರಿ ಚರ್ಮ, ಒಳಗೆಲ್ಲ ಹತ್ತಿ ತುಂಬಿದ್ದು. ಕಾಲಿಟ್ರೆ ಆಹಾ, ಹಾಸಿಗೆ ಮೇಲೆ ಕಾಲಿಟ್ಟಂಗೆ. ಮೊದಲನೇ ಹೊಸಿಲು, ನಗು. ಎರಡನೇ ಹೊಸಿಲು, ಪರವಾಗಿಲ್ಲ. ಮೂರನೇದೂ ದಾಟಿದ್ಲು. ಆದ್ರೆ ನಿಲ್ಲಬೇಕಲ್ಲ ಇಡೀ ದಿನ? ಮಧ್ಯಾಹ್ನಕ್ಕೆ ಹತ್ತಿ ಎಲ್ಲ ಚಪ್ಪಟೆ. ಹಿಮ್ಮಡಿ ಒಂದು ಕಡೆ ವಾಲ್ತು, ಸೊಂಟ ಇನ್ನೊಂದು ಕಡೆ ವಾಲ್ತು. ಸಂಜೆ ರಾಜ ಏಳೋ ಹೊತ್ತಿಗೆ "ಬಹುಪರಾ... ಅಯ್ಯಮ್ಮಾ."

ಆಮೇಲೆ ಆನೆ ಮಾವುತ ಹೇಳ್ದ, "ಅಕ್ಕಾ, ಕಾಲಿಗಿಂತ ದೊಡ್ಡದು ಹಾಕ್ಕೊ, ಒತ್ತೋದೇ ಇಲ್ಲ." ಅವಳು ಅದನ್ನೂ ಹಾಕ್ಕೊಂಡ್ಲು. ಮೆಟ್ಟು ಒಂದು ಹೆಜ್ಜೆ ಹಿಂದೆ, ಅವಳು ಒಂದು ಹೆಜ್ಜೆ ಮುಂದೆ. ಮೂರನೇ ಹೊಸಿಲಲ್ಲಿ ಎಡಗಾಲಿನ ಮೆಟ್ಟು ಕಳಚಿ ಹಾರಿ, ಅವತ್ತು ಸಭೆಗೆ ಬಂದು ಕೂತಿದ್ದ ಪಕ್ಕದ ದೇಶದ ದೂತನ ಮಡಿಲಿಗೆ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಪಾರುಪತ್ತೆಗಾರ ಅವಳನ್ನ ಹೊರಗೆ ಕರೆದು ಹೇಳ್ದ. "ಹುಣ್ಣಿಮೆಗೆ ಪಕ್ಕದ ದೇಶದ ದೊರೆ ಸಂಧಾನಕ್ಕೆ ಬರ್ತಾನೆ. ಅವತ್ತು ನಿನ್ನ ಬಾಯಲ್ಲಿ ಅಯ್ಯಮ್ಮ ಬಂದ್ರೆ, ಮಾರನೇ ದಿನ ಈ ಜಾಗದಲ್ಲಿ ನನ್ನ ಭಾವಮೈದ ನಿಂತಿರ್ತಾನೆ. ಬರಿಗಾಲಲ್ಲಿ ಬರೋ ಹಂಗೂ ಇಲ್ಲ. ತಿಳೀತಾ?"

"ತಿಳೀತು ಸ್ವಾಮಿ," ಅಂದ್ಲು. "ನಿಮ್ಮ ಭಾವಮೈದಂಗೆ ಹೇಳಿ, ಬೇರೆ ಕೆಲಸ ಹುಡುಕ್ಕೊಳ್ಳೋಕೆ."

ಮಾತು ಗಟ್ಟಿ ಆಡಿದ್ಲು. ಮನೆಗೆ ಬರೋ ದಾರೀಲಿ ಮಾತ್ರ ಯೋಚನೆ ಹತ್ತಿತು. ಆ ಕೆಲಸ ಬಿಟ್ರೆ ಅವಳಿಗೆ ಬೇರೆ ಬದುಕಿಲ್ಲ. ಅಂಥ ಗಂಟಲು ಇಟ್ಕೊಂಡು ಮನೇಲಿ ಕೂತು ಯಾರಿಗೆ ಪರಾಕು ಹೇಳ್ತಾಳೆ, ಬೆಕ್ಕಿಗಾ?

ಸಂಜೆ ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲು ತೊಳೆದ್ಲು. ಒದ್ದೆ ಕಾಲಲ್ಲೇ ಈಚೆ ಬಂದು ಒಣಗಿದ ಚಪ್ಪಡಿ ಮೇಲೆ ನಿಂತ್ಲು. ಪಕ್ಕಕ್ಕೆ ಸರಿದು ನೋಡ್ತಾಳೆ, ಕಲ್ಲಿನ ಮೇಲೆ ಎರಡು ಹೆಜ್ಜೆ ಗುರುತು. ಬಲಗಾಲಿಂದು ಸಣ್ಣಗೆ, ಹೀರೇಕಾಯಿ ಹಂಗೆ. ಎಡಗಾಲಿಂದು ಅಗಲಕ್ಕೆ, ಕುಂಬಳಕಾಯಿ ಹಂಗೆ. ಅವಳು ದಂಗಾಗಿಹೋದ್ಲು. ತನ್ನ ಕಾಲು ತಾನೇ ನೋಡಿರಲಿಲ್ಲ ಇಷ್ಟು ವರ್ಷ. ನೀವು ನೋಡಿದೀರಾ ನಿಮ್ಮದು? ಸುಮ್ಮನೆ ತಲೆ ಆಡಿಸಬೇಡಿ.

ಚಿಕ್ಕತಾಯಿ ಅಲ್ಲಿಂದ ನೆಟ್ಟಗೆ ಅಂಕಯ್ಯನ ಮನೆಗೆ ಹೋದ್ಲು.

"ಅಂಕಣ್ಣಾ, ಅಳತೆ ತಗೋ."

"ಈ ಹೊತ್ತಲ್ಲಿ ಯಾರಾದ್ರೂ ಅಳತೆ ಕೊಡ್ತಾರಾ ತಾಯೀ? ಕಾಲು ಊದಿರ್ತದೆ."

"ನಾನು ಕೆಲಸ ಮಾಡೋದು ಊದಿದ ಕಾಲಲ್ಲೇ. ತಗೋ."

"ಕೂತ್ಕೊಳ್ಳಿ ಹಂಗಾದ್ರೆ."

"ಕೂರಲ್ಲ. ನಾನು ಕೆಲಸ ಮಾಡೋದು ನಿಂತ್ಕೊಂಡು."

"ಸರಿ, ಬಲಗಾಲು ಇಡಿ."

"ಅದಾಮೇಲೆ. ಮೊದಲು ಎಡಗಾಲು."

ಅಂಕಯ್ಯ ಕೈಲಿದ್ದ ಇದ್ದಿಲು ಬಿಸಾಕಿ ಎದ್ದುಬಿಟ್ಟ. "ಆಗಲ್ಲ ತಾಯೀ. ನಮ್ಮಪ್ಪ ಮಾಡಿಲ್ಲ, ನಮ್ಮಜ್ಜ ಮಾಡಿಲ್ಲ. ಬಲಗಡೆ ಕಾಲಿನ ಅಳತೆ ಮಾತ್ರ ತಗೋ ಅಂತ ಆಣೆ ಇಟ್ಟಿದಾರೆ ನನಗೆ. ಕೈ ಬಿದ್ದುಹೋಗ್ತದೆ."

"ಬಲಗಡೆ ಕಾಲಿನದ್ದು ಮಾತ್ರ ತಾನೆ? ಸರಿ ಕೂತ್ಕೊ. ನನ್ನ ಎದುರಿಗೆ ಕೂತ್ಕೊ. ನಿನ್ನ ಬಲಗೈ ಎತ್ತು. ಆ ಕೈ ಕಡೆ ಇರೋ ಕಾಲು ಯಾವುದು ತೋರಿಸು."

ಅಂಕಯ್ಯ ತೋರಿಸ್ದ. ನೋಡ್ತಾನೆ, ಅವಳ ಎಡಗಾಲು. ಎದುರಾಬದುರಾ ನಿಂತ್ರೆ ನನ್ನ ಎಡ ನಿಮ್ಮ ಬಲ ಅಲ್ವಾ? ಅಂಕಯ್ಯ ತಲೆ ಕೆರ್ಕೊಂಡ. ಆ ಕಡೆಯಿಂದ ನೋಡ್ದ, ಈ ಕಡೆಯಿಂದ ನೋಡ್ದ. ಆಣೇನೂ ಮುರಿದಿಲ್ಲ, ಕೈಯೂ ಬಿದ್ದಿಲ್ಲ. ಇದ್ದಿಲು ತಗೊಂಡು ಗೆರೆ ಎಳೆದ. ಬಲಗಾಲಿಂದೂ ಎಳೆದ. ಎರಡೂ ಅಕ್ಕಪಕ್ಕ ಇಟ್ಟು ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ.

ಆಮೇಲೆ ಚಿಕ್ಕತಾಯಿ ಹೇಳ್ತಾ ಹೋದ್ಲು, ಅವನು ಕೇಳ್ತಾ ಹೋದ. ಮೂತಿ ತಿರುಗಿದ ಮೆಟ್ಟು ಬೆರಳು ಹಿಂಡ್ತು, ಅದಕ್ಕೆ ಮೂತಿ ತಿರುಗಲಿ, ಆದ್ರೆ ಬೆರಳು ಮುಗಿದ ಮೇಲೆ ತಿರುಗಲಿ. ಮೆತ್ತನೇದು ಕುಸೀತು, ಅದಕ್ಕೆ ಅಡಿಯ ಅಟ್ಟೆ ಗಟ್ಟಿ ಇರಲಿ, ಹಿಮ್ಮಡಿ ಕೆಳಗೆ ಮಾತ್ರ ದಪ್ಪಗೆ ಒಂದು ಪದರ ಇರಲಿ. ದೊಡ್ಡದು ಜಾರ್ತು, ಅದಕ್ಕೆ ಪಾದದ ಮೇಲೆ ಒಂದು ಪಟ್ಟಿ ಬರಲಿ. ಕೆಂಪು ಕೆಂಪಾಗೇ ಇರಲಿ. ಜೀರ್ ಅನ್ನೋದು ಒಂಚೂರೂ ಕಮ್ಮಿ ಆಗಬಾರದು. ಅಂಕಯ್ಯ ಮನಸ್ಸಿಟ್ಟು ಹೊಲಿದ. ಮುಗಿಸಿ ಕೈಯಲ್ಲಿ ಹಿಡಿದಾಗ ಅವನಿಗೇ ಹೆಮ್ಮೆ ಆಯ್ತು.

ಹುಣ್ಣಿಮೆ ಬಂತು. ಪಕ್ಕದ ದೇಶದ ದೊರೆ ಬಂದು ಸಭೇಲಿ ಕೂತ. ರಾಜ ಎದ್ದು ಹೊರಟ. ಮುಂದೆ ಚಿಕ್ಕತಾಯಿ, ಜೀರ್ ಜೀರ್ ಜೀರ್. ಮೊದಲನೇ ಹೊಸಿಲು, ಬಹುಪರಾಕ್. ಎರಡನೇ ಹೊಸಿಲು, ಬಹುಪರಾಕ್. ನೋವು ಎಲ್ಲಿ ಹೋಯ್ತು ಅಂತ ಅವಳೇ ಹುಡುಕಬೇಕು. ಮೂರನೇ ಹೊಸಿಲಿಗೆ ಬಂದ್ಲು, ಅಲ್ಲಿ ಪಾರುಪತ್ತೆಗಾರ ಅಡ್ಡ ನಿಂತ. ಅವನ ಕಣ್ಣು ಅವಳ ಕಾಲ ಮೇಲೇ ಇತ್ತು.

"ನಿಲ್ಲು. ಪ್ರಭೂ, ಇವಳ ಮೆಟ್ಟು ನೋಡಿ. ಎಡಗಾಲಿಂದು ದೊಡ್ಡದಾಗಿದೆ. ಎಡಗಾಲಿನ ಅಳತೆ ತೆಗೆಸಿದಾಳೆ ಇವಳು. ಆ ಮೆಟ್ಟು ಹಾಕ್ಕೊಂಡು ನಿಮ್ಮ ಮುಂದೆ ನಡೀತಾ ಇದಾಳೆ. ರಾಜ್ಯ ಉಳೀತದಾ?"

 ಅಂಕಯ್ಯ ಕಂಬದ ಹಿಂದೆ ಸರ್ಕೊಂಡ. ರಾಜನ ಮುಖ ಗಂಟಿಕ್ಕಿತು. "ಹೌದಾ ಚಿಕ್ಕತಾಯಿ?"

ಅವಳು ಹೆದರಿದ್ಲಾ? ಹೆದರಿದ್ಲು.  ಆದ್ರೆ ಪಾದ ಎರಡೂ ನೆಲದ ಮೇಲೆ ಗಟ್ಟಿಯಾಗಿ ಊರಿತ್ತು ನೋಡಿ, ಬಹಳ ದಿನದ ಮೇಲೆ. ಅದು ಅವಳಿಗೆ ಧೈರ್ಯ ಕೊಡ್ತು.

"ಬುದ್ಧೀ, ಬಲಗಾಲಿನ ಅಳತೇನೇ ಕೊಟ್ಟಿದೀನಿ. ಬಲಗಾಲು ಯಾವುದು ಅನ್ನೋದರಲ್ಲಿ ನಮ್ಮಲ್ಲಿ ತಪ್ಪಾಗಿದೆ. ಅಪ್ಪಣೆ ಆದ್ರೆ ತೋರಿಸ್ತೀನಿ."

"ತೋರಿಸು."

"ತಾವು ಬಲಗಾಲಿಟ್ಟು ಈ ಹೊಸಿಲು ದಾಟಿ."

ರಾಜ ಬಲಗಾಲು ಎತ್ತಿ ಹೊಸಿಲ ಮೇಲಕ್ಕೆ ತಂದ.

"ಅಲ್ಲೇ ನಿಲ್ಲಿ ಬುದ್ಧೀ. ಕಾಲು ಊರಬೇಡಿ."

ರಾಜ ನಿಂತ. ಒಂದು ಕಾಲು ಗಾಳೀಲಿ. ಕಿರೀಟ ಒಂದು ಕಡೆ ಜಾರ್ತು, ಕೈ ಎರಡೂ ರೆಕ್ಕೆ ಆದ್ವು.

"ಈಗ ಹೇಳಿ. ಎಲ್ಲಾರೂ ಹಾಡಿ ಹೊಗಳೋ ಕಾಲು ಗಾಳೀಲಿದೆ. ತಮ್ಮನ್ನ, ತಮ್ಮ ಕಿರೀಟಾನ, ಈ ರಾಜ್ಯಾನ ಹೊತ್ಕೊಂಡು ನಿಂತಿರೋದು ಯಾವುದು? ಬಲ ಯಾವುದಕ್ಕಿದೆಯೋ ಅದೇ ಬಲಗಾಲು ಅಲ್ವಾ ಬುದ್ಧೀ?"

ರಾಜ ತನ್ನ ಎಡಗಾಲು ನೋಡ್ದ. ಮಂತ್ರಿಗಳು ಬಗ್ಗಿ ತಮ್ಮ ತಮ್ಮ ಎಡಗಾಲು ನೋಡ್ಕೊಂಡ್ರು. ಒಳಗಿದ್ದ ಪಕ್ಕದ ದೇಶದ ದೊರೆ ಮೆಲ್ಲಗೆ ಪಂಚೆ ಸರಿಸಿ ತನ್ನದೂ ನೋಡ್ಕೊಂಡ. ಪಾರುಪತ್ತೆಗಾರ ಮಾತ್ರ ಮೇಲೆ ತೊಲೆ ನೋಡ್ತಾ ನಿಂತ. ಯಾಕೆ ಅಂದ್ರೆ ಅವನ ಎಡಗಾಲೂ ಚುರುಚುರು ಅಂತಾ ಇತ್ತು, ಆ ರಾಜ್ಯದ ಎಲ್ಲಾರ ಎಡಗಾಲೂ ಅಂತಾ ಇತ್ತು. ಹೇಳಿಕೊಳ್ಳೋಕೆ ನಾಚಿಕೆ, ಅಷ್ಟೆ.

ರಾಜ ಕಾಲು ಕೆಳಗಿಟ್ಟ. "ದಾರಿ ಬಿಡಿ ಅವಳಿಗೆ," ಅಂದ.

ಚಿಕ್ಕತಾಯಿ ಹೊಸಿಲು ದಾಟಿದ್ಲು. ಉಸಿರು ತುಂಬಿಕೊಂಡ್ಲು. ಇಷ್ಟು ದಿನ ನೋವು ನುಂಗಿದ ಗಂಟಲು ಅದು. ಬಹುಪರಾಕ್ ಅಂದ್ಲು ನೋಡಿ, ಪಾರಿವಾಳ ಹಾರಿದವು, ಸೌಟು ಬಿತ್ತು, ಪಕ್ಕದ ದೇಶದ ದೊರೆ ತನ್ನ ಪೀಠದಿಂದ ಎದ್ದು ನಿಂತು ಕೈ ಮುಗಿದ. ಸಂಧಾನ ಮಾಡೋಕೆ ಬಂದೋನು ಮಾತೇ ಆಡದೆ ಒಪ್ಕೊಂಡ ಅಂತಾರೆ.

ಸಭೆ ಮುಗೀತು. ರಾಜ ಎಲ್ಲಾರನ್ನೂ ಕಳಿಸಿ, ಕಂಬದ ಹಿಂದಿದ್ದ ಅಂಕಯ್ಯನನ್ನ ಕರೆದ. ತನ್ನ ಮೆಟ್ಟು ಕಳಚಿ, ಎಡಗಾಲು ಮುಂದಕ್ಕೆ ಚಾಚಿ, ಯಾರಿಗೂ ಕೇಳಿಸದ ಹಂಗೆ ಹೇಳ್ದ:

"ಬಾರಪ್ಪಾ. ನನ್ನ ಇನ್ನೊಂದು ಬಲಗಾಲಿನ ಅಳತೇನೂ ತಗೋ."

ಚಿಕ್ಕತಾಯಿ ಅಲ್ಲಿ ಇನ್ನೂ ನಿಂತೇ ಇದಾಳೆ, ನೋವಿಲ್ಲದೆ. ನಾವು ಇಲ್ಲಿ ಕೂತೇ ಇದೀವಿ, ಹಸ್ಕೊಂಡು. ಕಥೆ ಅವಳದು, ಹೂಂ ನಿಮ್ಮದು, ಎಲೆ ಅಡಿಕೆ ನಂದು. ತನ್ನಿ.