ಆಚೆ ದಡದಲ್ಲಿ ನಿಂತವರು

ದೋಣಿಯ ಹಗ್ಗ ಬಿಚ್ಚಬೇಡ ಶುಕ್ರಣ್ಣ. ಇವತ್ತು ನಾನು ಹುಟ್ಟು ಹಾಕಲಿಕ್ಕೆ ಬಂದದ್ದಲ್ಲ. ಒಂದೇ ಮಾತು ಕೇಳಿ ಹೋಗ್ತೆ... ನಾನು ನಿನ್ನ ಹತ್ತಿರ ದೋಣಿ ನಡೆಸಲಿಕ್ಕೆ ಕಲೀತಾ ಇದ್ದದ್ದನ್ನು ಪೇಟೆಗೆ ಹೇಳಿದ್ದು ಯಾರು?

ಎಂತ, ಹಾಗೆ ನೋಡ್ತೀಯ? ಜಗಳಕ್ಕೆ ಬಂದವನಲ್ಲ ನಾನು. ಎರಡು ತಿಂಗಳು, ದಿನಾ ಬೆಳಕು ಹರಿಯುವ ಹೊತ್ತಿಗೆ, ಈ ಹೊಳೆಯಲ್ಲಿ ನೀನು ಮತ್ತು ನಾನು. ಮೂರನೆಯವ ಇರಲಿಲ್ಲ. ಹಾಗಾದರೆ ನಿನ್ನೆ ನಮ್ಮ ಜವಳಿ ಅಂಗಡಿಯವರೆಲ್ಲ ಆಚೆ ಕಾಸರಕೋಡಿನ ದಡದಲ್ಲಿ ಸಾಲಾಗಿ ನಿಂತದ್ದು ಹೇಗೆ?

ನಿನಗೆ ಗೊತ್ತುಂಟಲ್ಲ, ನಾನು ಯಾಕೆ ಬಂದೆ ಅಂತ. ನಾನು ದೋಣಿ ಹತ್ತಿದರೆ ಸಾಕು, ಜನ "ಕೃಷ್ಣಾನಂದ ನಡುವೆ ಕೂತ್ಕೊಳ್ಳಲಿ, ಇಲ್ಲದಿದ್ರೆ ಮಗುಚ್ತದೆ" ಅಂತ ಶುರು. ಚೀನಾ ಯುದ್ಧದ ವರ್ಷ ಪೇಟೆ ಹುಡುಗರ ಜೊತೆ ಕವಾಯತಿಗೆ ನಿಂತೆ. "ಇಂವ ಒಬ್ಬನೇ ಎರಡು ಸಾಲು" ಅಂದರು. ಮರುದಿನ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಆತು, ಜನರ ಎದುರು ನಾಲ್ಕು ಹೆಜ್ಜೆ ಓಡಿದವನಲ್ಲ ನಾನು. ಇಲ್ಲಿ ಮಾತ್ರ... ನೀನು ನಗಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದಾಗ ತೆಂಗಿನೆಣ್ಣೆ ಹಚ್ಚಿದೆ. ನಿನ್ನೆ ಮೊದಲ ಸಲ, ನಿನ್ನ ಕೈ ಸೋಕದೆ, ದೋಣಿಯನ್ನು ಆಚೆ ದಡ ಮುಟ್ಟಿಸಿದೆ ನಾನು.

ಮುಟ್ಟಿಸಿ ಎಂತ ಆತು? "ಆನೆ ಹೊಳೆ ದಾಟಿತು" ಅಂತ ಚಪ್ಪಾಳೆ. ಎಲ್ಲರಿಗಿಂತ ಮುಂದೆ ರಮಾನಂದ. ಕರ್ಕಿ ಶಾಲೆಯಲ್ಲಿ ನನ್ನ ಪಕ್ಕವೇ ಕೂತವ. ನಾನು ಇಳಿಯುವಾಗ ಹೊಟ್ಟೆ ಮುಂದೆ ತಳ್ಳಿ, ಏದುಸಿರು ಬಿಡ್ತಾ, ನನ್ನ ಹಾಗೇ ನಡೆದು ತೋರಿಸಿದ.

ಅವನಿಗೆ ನೀನೇ ಹೇಳಿದ್ದು, ಅಲ್ಲದಾ? ದಿನವಿಡೀ ಜನ ದಾಟಿಸುವವ ನೀನು, ಬಾಯಿ ತಪ್ಪಿರಬೇಕು. ಇರಲಿ, ತಪ್ಪಿತು ಅಂತ ಹೇಳು, ಸಾಕು. ಇಲ್ಲ, ನನ್ನನ್ನು ಬೈದಾದರೂ ಬಿಡು...

ಹಾಗೆ ನೋಡಬೇಡ ನನ್ನ.

...ನೀನು ಹೇಳಿದ್ದಲ್ಲ. ಗೊತ್ತುಂಟು ನನಗೆ. ಮೊನ್ನೆ ಅಂಗಡಿ ಬಾಗಿಲು ಹಾಕುವಾಗ ರಮಾನಂದನಿಗೆ ನಾನೇ ಹೇಳಿದೆ. ನಾಳೆ ಬೆಳಿಗ್ಗೆ ಕಾಸರಕೋಡಿಗೆ ಬಾ, ಒಬ್ಬನೇ ಬಾ, ನಾನು ದಾಟುದನ್ನು ನೀನು ನೋಡಬೇಕು ಅಂದೆ. ಅವನು ನನ್ನ ಭುಜ ಹಿಡಿದು, "ಬರ್ದೆ ಇರ್ತ್ನಾ" ಅಂದ.

ಅಷ್ಟು ಖುಷಿಯಾಗಿತ್ತು, ಶುಕ್ರಣ್ಣ.