ಶೆಡ್ಡಿಗೂ ಮಗ್ಗಕ್ಕೂ ನಡುವಿನ ಬೇವು

ನಿಂದರ ಬೇ, ಅಂಬವ್ವಕ್ಕ, ನಿಂದರ! ನಾ ಇಲ್ಲೆ ಬಾಯಿ ಹರಕೊಳ್ಳಾಕತ್ತೇನಿ, ನೀ ಮಗ್ಗದ ಕುಣಿಯಾಗ ಇಳಿಯಾಕ ಹೊಂಟಿ. ಬಾ, ಬೇಲಿ ಹಂತ್ಯಾಕ ಬಾ. ಆ ಕೊಡಾನೂ ತಗೊಂಡ ಬಾ. ನೋಡ, ನಿನ್ನ ಕಣ್ಣಿಲೆ ನೋಡ. ಒಂದರೆ ಹಸರ ಐತೇನು? ಬೇವಿನ ಸಸಿ ಎಲ್ಲಾ ಒಣಗಿ ಕಡ್ಡಿ ಆಗ್ಯಾವ!

ಇವತ್ತ ಮುನ್ಸಿಪಾಲ್ಟಿ ಸಾಹೇಬ್ರು ಬರ್ತಾರ. ಮನಿ ಬಾಜೂಕ ಗ್ರಾನೈಟ್ ಪಾಲಿಶ್ ಮಾಡಬೇಕಂದ್ರ ನಡುವ ಗಿಡದ ಸಾಲ ಇರಬೇಕಂತ, ಧೂಳಿಗೆ ಅಡ್ಡ ಆಗಬೇಕಂತ. ಇಲ್ಲಂದ್ರ ಲೈಸನ್ಸ್ ಇಲ್ಲ, ಶೆಡ್ಡಿಗೆ ಕೀಲಿ! ಇಳಕಲ್ಲ ತುಂಬ ಕಲ್ಲಿನ ಶೆಡ್ ಅದಾವ, ನನ್ನ ಒಬ್ಬಾವಂದ ಕಂಡ್ತು ನಿನಗ. ಹಾಸಿನ ನೂಲಿನ ಮ್ಯಾಲ ಕಲ್ಲಿನ ಹುಡಿ ಕುಂದರತೈತಿ, ರೇಷ್ಮಿ ಸೆರಗ ಮಾಸತೈತಿ ಅಂತ ಅರ್ಜಿ ಕೊಟ್ಟು ಬಂದಿ...

ಯಾಕ ನಗ್ತಿ? ... ನಗಲಿಲ್ಲಾ? ಮತ್ತ ತುಟಿ ಯಾಕ ಹಂಗ ಮಾಡಿದಿ? ಈ ಅಂದಪ್ಪಗ ಏನೂ ತಿಳಿಯಾಂಗಿಲ್ಲ ಅಂದ್ಕೊಂಡಿಯೇನು?

ಶೆಡ್ಡಿನ ಕ್ಯಾಮೆರಾದಾಗ ನೋಡೇನಿ ಬೇ. ದಿನಾ ಹೊತ್ತ ಮೂಡೂ ಮುಂದ ಕೊಡಾ ಹೊತ್ಕೊಂಡ ಬರ್ತಿ, ಬಗ್ಗಿ ಬಗ್ಗಿ ಒಂದೊಂದ ಸಸಿ ಬುಡಕ ಹೊಯ್ತಿ. ಏನ ಹೊಯ್ತಿ? ನೂಲು ಅದ್ದಿದ ಬಣ್ಣದ ನೀರ ಹೌದಲ್ಲೋ? ಕೂಸಿನಂಥಾ ಸಸಿಗೆ ವಿಷಾ ಹಾಕಾಕ ನಿನ್ನ ಕೈ ಹೆಂಗರೆ ಬಂತು! ... ಮಾರಿ ತಿರುವಿದಿ. ಅಂದ್ರ ಖರೆ ಅಂತ ಆತು.

ಹಂಗಾರ ಕೇಳ. ಸಾಹೇಬ್ರು ಬಂದ ಕೂಡ್ಲೆ ನೀನ ಹೇಳಬೇಕು: ಅಂದಪ್ಪ ಪಾಪ ನೆಟ್ಟಿದ್ದ, ನಾನ ಸುಟ್ಟೆ ಅಂತ. ಹೇಳಲಿಲ್ಲಂದ್ರ ಈ ವಿಡಿಯೋ ತೋರಸ್ತೇನಿ. ನೀ ಮಗ್ಗಾ ಎತ್ಕೊಂಡು ಓಣಿ ಬಿಟ್ಟು ಹೋಗೂ ಹಂಗ ಮಾಡ್ತೇನಿ!

ಏ, ಏ... ಕೊಡಾ ಯಾಕ ಎತ್ತಿದಿ? ನನ್ನ ಮಾರಿಗೆ ಆ ನೀರ ಉಗ್ಗತಿಯೇನು? ... ಬ್ಯಾಡ ಬೇ! ಕುಡೀಬ್ಯಾಡ, ಬಣ್ಣದ್ದದು... ಕುಡದ ಬಿಟ್ಟಿ?

ತಾ ಇಲ್ಲಿ. ... ತಿಳಿನೀರ ಐತಿ.

ನಳಾ ಬರೂದ ಅಪರೂಪ ಈ ಓಣ್ಯಾಗ. ಕುಡಿಯೂ ನೀರ ತಂದು ನನ್ನ ಸಸಿಗೆ ಹಾಕಿದಿ? ಯಾಕ, ಇವು ಬೆಳದ್ರ ನಿನ್ನ ನೂಲು ಉಳೀತಾವಂತೇನು? ... ಸುಳ್ಳ! ನೀರ ಬಿದ್ದ ಬೇವು ಸಾಯತೈತೇನು? ಸುಮ್ಮ ಸುಮ್ಮನ ಸಾಯೂ ಗಿಡಾನ ಅಲ್ಲದು. ಹೇಳ, ಮತ್ತ ಯಾಕ ಒಣಗಿದ್ವು? ಬಾಯಿ ಬಿಡ!

ಎಲ್ಲಿ ಹೊಂಟಿ? ಆ ಸಸಿ ಮುಟ್ಟಬ್ಯಾಡ. ಬಿಡ ಅಂತೇನಿ! ಜಗ್ಗಬ್ಯಾಡ...

...

ಅದು... ನರ್ಸರಿ ಪ್ಲಾಸ್ಟಿಕ್ ಚೀಲಾ. ಏನಾತೀಗ? ಚೀಲದ ಸಮೇತ ಹುಗದ್ರ ಬೇರಿಗೆ ತಂಪ ಇರತೈತಿ. ಹಂಗ ನೋಡಬ್ಯಾಡ! ನರ್ಸರಿ ಜಲಾಲುದ್ದೀನ ಹೇಳಿದ್ದ, ಚೀಲಾ ಹರೀಬ್ಯಾಡ ಅಂದಪ್ಪಣ್ಣಾ, ಹರದ್ರ ನಾ ಸಸಿ ವಾಪಸ್ ತಗೊಳ್ಳಾಂಗಿ...

ನಾ ಏನಂದೆ? ಏನೂ ಅನ್ನಲಿಲ್ಲ. ಸಸಿ ಹುಗದ ದಿನಾನ ಸಾಹೇಬ್ರು ಫೋಟೋ ಹೊಡದು ಸಹಿ ಹಾಕಿ ಹೋಗಿದ್ರ ಮುಗೀತಿತ್ತು. ಮಳಿಗಾಲ ಮುಗಿಲಿ, ಬೆಳದಿದ್ದ ನೋಡ್ತೇವಿ ಅಂದ್ರು... ಅದಕ್ಕ ನಾ ಏನ ಮಾಡ್ಲಿ?

ಕೇಳ, ಜೀಪ ಬಂತು. ಆ ಚೀಲಾ ಕೊಡ ಇಲ್ಲಿ. ಕೊಡವಲ್ಲಿಯಾ? ಹೋಗ್ಲಿ, ಸೆರಗಿನಾಗರೆ ಮುಚ್ಚ! ... ಏ, ಅದನ್ಯಾಕ ಜಗ್ಗಿದಿ? ಅದನ್ನೂ? ಎಲ್ಲಾ ಕಿತ್ತು ಗೇಟಿನ ಮುಂದ ಸಾಲ ಹಚ್ಚತಿಯೇನು? ಅಂಬವ್ವಕ್ಕ... ಯಕ್ಕಾ, ನಿನ್ನ ಕೈ ಮುಗೀತೇನಿ... ಬೈಯರೆ ಬೈ ಬೇ. ಬಾಯಿ ತುಂಬ ಬೈ. ಹಂಗ ಸುಮ್ಮನ ನಿಂದರಬ್ಯಾಡ!