ರಕ್ತಕ್ಕೆ ನೀರು ಬೆರೆಸಿದವನು

ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮುದುಕಿಯೊಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗೋಡೆಗೆ ಬಣ್ಣ ಬಳಿಯುವವನೊಬ್ಬ ಊದಿದ ಕಾಲನ್ನು ಅಕ್ಕನ ಮಡಿಲ ಮೇಲಿಟ್ಟು ಗಟಗಟ ನೀರು ಕುಡಿಯುತ್ತಿದ್ದ. ಅವರ ಮಾತು ಕಿವಿಗೆ ಬಿದ್ದದ್ದೇ ಮುದುಕಿಗೆ ತನ್ನ ಮಂಡಿನೋವು ಮರೆತುಹೋಯಿತು.

“ಅದೇನು ಹೊಟ್ಟೆಯೋ, ಹಂಡೆಯೋ?” ಎಂದಳು ಅಕ್ಕ.

“ಲಸಿಕೆ ಹಾಕಿಸ್ಕೊಂಡ್ಮೇಲೆ ರಕ್ತ ಗಟ್ಟಿಯಾಗಿದೆ ಕಣಕ್ಕಾ. ಬಣ್ಣ ಗಟ್ಟಿಯಾದ್ರೆ ನೀರು ಬೆರೆಸಲ್ವಾ?”

“ಹಂಗಾದ್ರೆ ಕೋಲು ಹಾಕಿ ಕಲಕ್ಲಾ?”

“ನಗಬೇಡಕ್ಕಾ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ?”

“ನಗದೆ ಕೂತ್ರೆ ಅತ್ತುಬಿಡ್ತೀನಿ ಕಣೋ.”

ಅಷ್ಟರಲ್ಲಿ ನರ್ಸ್ ಅವನ ಕಾಲಿನ ಸ್ಕ್ಯಾನ್ ವರದಿ ಹಿಡಿದು ಬಾಗಿಲು ತೆರೆದಳು.

“ಹೆಪ್ಪೂ ಇಲ್ಲ, ಗಿಪ್ಪೂ ಇಲ್ಲ. ರಕ್ತ ಸರಾಗ ಹರೀತಿದೆ. ಕಾಲು ಉಳುಕಿದೆ ಅಷ್ಟೇ. ಎಲ್ಲಾದ್ರೂ ಬಿದ್ರಾ?”

“ಏಣಿಯಿಂದ ಜಾರಿದ್ದೆ. ಅಕ್ಕಂಗೆ ಹೇಳಿರ್ಲಿಲ್ಲ.”

“ಅಯ್ಯೋ ಕಳ್ಳಾ! ಪಾಪದ ಲಸಿಕೆ ಮೇಲೆ ಗೂಬೆ ಕೂರಿಸ್ದ್ಯಾ?”

“ಬೈಗುಳ ಆಮೇಲೆ. ಶೌಚಾಲಯ ಎಲ್ಲಿ, ಸಿಸ್ಟರ್?”

ಉತ್ತರಕ್ಕೂ ಕಾಯದೆ ಅವನು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಹೊರಟ. ಅಕ್ಕ ಅವನ ಚಪ್ಪಲಿ ಎತ್ತಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಿಸಕಿಸ ನಗುತ್ತಾ ಹಿಂದೆಯೇ ಓಡಿದಳು.

“ದಾರಿ ಬಿಡ್ರೀ! ಬಣ್ಣ ತೀರಾ ನೀರಾಗಿದೆ, ಇನ್ನೇನು ಸೋರುತ್ತೆ!”